ಸಂದರ್ಶಕರ ಮಾತಿನ ಬಗೆ

'ಸಂದರ್ಶನ'ವೆಂಬ ಪದಕ್ಕೆ ಚೆನ್ನಾಗಿ ನೋಡುವುದೆಂಬುದು ಮೂಲಾರ್ಥ. ಮೇಜಿನ ಆಚೆ ಕುಳಿತ ಹಿರಿಯರು ಮಾತ್ರವೇ ನೋಡಬೇಕೆಂದು ಆ ಪದ ವಿಧಿಸುವುದಿಲ್ಲ. ಎದುರಿಗೆ ಕುಳಿತ ತರುಣನೂ ಅವರನ್ನು ನೋಡುತ್ತಾನೆ. ಅಂಕವಿಡುವ ಹಾಳೆ ಅವನ ಕೈಯಲ್ಲಿರುವುದಿಲ್ಲ, ಅಷ್ಟೆ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ಭಕ್ತಿಯಿಂದ ನಡೆದುಕೊಳ್ಳುವ ಕ್ಷೇತ್ರ. ಈ ಸೀಮೆಯ ತಾಂಡಾಗಳಿಂದ ಉದ್ಯೋಗವನ್ನರಸಿ ಹೊರಡುವ ತರುಣನಿಗೆ ಮನೆಯ ಮಾತು ಲಂಬಾಣಿ, ಶಾಲೆಯ ಮಾತು ಕನ್ನಡ, ಸಂದರ್ಶನದ ಕೊಠಡಿಯ ಮಾತು ಹಲವೊಮ್ಮೆ ಇಂಗ್ಲಿಷು. ಕಿವಿಗೆ ಬಿದ್ದ ಪ್ರಶ್ನೆ ಉತ್ತರವಾಗಿ ನಾಲಗೆಗೆ ಬರುವಷ್ಟರಲ್ಲಿ ಇಷ್ಟು ಹೊಳೆಗಳನ್ನು ದಾಟಬೇಕು. ಆ ಕ್ಷಣದ ಮೌನವನ್ನು ಕೆಲವರು ಅಜ್ಞಾನವೆಂದೇ ಬಗೆದು, ಕಡತದಿಂದ ತಲೆಯೆತ್ತದೆ ಮುಂದಿನ ಪ್ರಶ್ನೆಯನ್ನು ಎಸೆಯುತ್ತಾರೆ. ಅವರಿಗೆ ಅದು ಬರಿಯ ಅವಸರ. ತರುಣನಿಗಾದರೋ ತನ್ನ ತಾಂಡಾಕ್ಕೆ ತೋರಿದ ತಾತ್ಸಾರ. ಅಲ್ಲಿಂದ ಮುಂದೆ ತಿಳಿದ ಉತ್ತರವೂ ಬಾಯಿಗೆ ಬಾರದು. ಅದೇ ಪ್ರಶ್ನೆಯನ್ನು ಇನ್ನೊಬ್ಬರು ಕೇಳಿ, "ನಿಧಾನವಾಗಿ ಹೇಳಪ್ಪ, ಕನ್ನಡದಲ್ಲಿಯೇ ಹೇಳು" ಎಂದು ಕಾದರೆ ಕಳೆಯುವುದು ಅರ್ಧ ನಿಮಿಷ. ಕೆಲಸ ದೊರೆಯದೆ ಹೋದರೂ ಆ ಕಚೇರಿಯನ್ನು ಅವನು ಹಳಿಯಲಾರ.

ಹಾಗೆಂದು ಸವಿಮಾತೆಲ್ಲ ನ್ಯಾಯವೂ ಅಲ್ಲ. ಊರು ಯಾವುದು, ತಂದೆ ಏನು ಮಾಡುತ್ತಾರೆ ಎಂದು ಕೇಳುವುದು ಅಳುಕನ್ನು ಕಳೆಯಲು ಒಳ್ಳೆಯ ಪೀಠಿಕೆ. ಪೀಠಿಕೆಯಲ್ಲಿಯೇ ಗ್ರಂಥ ಮುಗಿದುಹೋದರೆ? ಶ್ರೀನಗರದ ಒಂದು ಇಂಜಿನಿಯರಿಂಗ್ ಕಾಲೇಜಿನ ಪ್ರವೇಶದಲ್ಲಿ ಹೀಗೆಯೇ ಆಯಿತೆಂದು ದೂರು ಹುಟ್ಟಿತು: ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ, ಪ್ರಶ್ನೆಗಳೆಲ್ಲ ಮನೆತನದವು, ವಾಸಸ್ಥಳದವು. 1980ರಲ್ಲಿ ಸುಪ್ರೀಂ ಕೋರ್ಟು ಅಜಯ್ ಹಸಿಯಾ ಮೊಕದ್ದಮೆಯಲ್ಲಿ, ಇಂಥ ಪ್ರವೇಶಗಳಲ್ಲಿ ಒಟ್ಟು ಅಂಕಗಳ ಶೇಕಡ 15ಕ್ಕಿಂತ ಹೆಚ್ಚನ್ನು ಸಂದರ್ಶನಕ್ಕೆ ಇಡುವುದು ಸ್ವೇಚ್ಛಾಚಾರವೆಂದಿತು. ಸಂದರ್ಶನವನ್ನು ಧ್ವನಿಮುದ್ರಿಸಿದರೆ ಒಳಿತೆಂದೂ ಸೂಚಿಸಿತು. ತಮ್ಮ ಧ್ವನಿಯನ್ನು ತಾವೇ ಕೇಳಬೇಕಾಗಿ ಬಂದರೆ ಎಷ್ಟು ಮಂದಿ ಸಂದರ್ಶಕರು ಸ್ವರವನ್ನು ತಗ್ಗಿಸಿಯಾರೋ! 2016ರ ಜನವರಿ 1ರಿಂದ ಕೇಂದ್ರ ಸರ್ಕಾರವು ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಮೇಲಿನ ಹುದ್ದೆಗಳಲ್ಲಿ, ಖಾಸಗಿ ಕಂಪನಿಗಳಲ್ಲಿ ಆ ಮೇಜು ಇನ್ನೂ ಇದೆ.

ಸಂಜೆಯ ಬಸ್ಸಿಳಿದು ತರುಣ ತಾಂಡಾ ಸೇರುತ್ತಾನೆ. ಯಾಡಿ ನೀರು ಕೊಟ್ಟು, ಏನು ಕೇಳಿದರೆಂದು ವಿಚಾರಿಸುತ್ತಾಳೆ. ಪ್ರಶ್ನೆ ಒಂದೂ ಅವನ ನೆನಪಿಗೆ ಬರುವುದಿಲ್ಲ. ನಡುವೆ ಕುಳಿತಿದ್ದ ಹಿರಿಯರು ತನ್ನ ಹೆಸರನ್ನು ಸರಿಯಾಗಿ ಕರೆದರೆಂದು ಹೇಳುತ್ತಾನೆ.