ಉಪ್ಪನ ಫ್ರಿಡ್ಜು, ಅಂಗಡಿಯ ತಕ್ಕಡಿ

ಹೋದ ವರ್ಷ ನೋಂಬು ಶುರುವಾಗಲು ಎರಡು ವಾರ ಇರುವಾಗ ನಮ್ಮ ಮನೆಯಲ್ಲಿ ಒಂದು ಜಗಳ ಆಯಿತು. ಬೊಬ್ಬೆ ಹಾಕುವ ಜಗಳ ಅಲ್ಲ. ಉಪ್ಪ ಮಾತು ಬಿಟ್ಟು ಪೇಪರ್ ಹಿಡಿದು ಕೂರುವ ಜಗಳ. ನಮ್ಮ ಮನೆಯಲ್ಲಿ ಅದೇ ದೊಡ್ಡದು. ಕಾರಣ ಒಂದು ಫ್ರಿಡ್ಜು. ಅದನ್ನು ಬದಲಾಯಿಸೋಣ ಎಂದವನು ನಾನು. "ನಡೆಯುತ್ತಾ ಉಂಟಲ್ಲ, ಯಾಕೆ ಬದಲಾಯಿಸುವುದು?" ಎಂದವರು ಉಪ್ಪ.

ಉಪ್ಪ ಬಂಟ್ವಾಳ ಕಡೆಯಿಂದ ಹೊಸೂರಿಗೆ ಬಂದದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಮೊದಲು ಸಂಬಂಧಿಕರೊಬ್ಬರ ಬೇಕರಿಯಲ್ಲಿ ಕೆಲಸಕ್ಕೆ ನಿಂತರು, ನಂತರ ಸ್ವಂತ ದಿನಸಿ ಅಂಗಡಿ ಹಾಕಿದರು. ಗಿರಾಕಿಗಳ ಹತ್ತಿರ ತಮಿಳು, ಕನ್ನಡ, ತೆಲುಗು ಮೂರೂ ಮಾತಾಡುತ್ತಾರೆ, ಮನೆಗೆ ಬಂದರೆ ಬ್ಯಾರಿ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಸಿಪ್ಕಾಟ್‌ನ ಒಂದು ಸಣ್ಣ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಹಳೆ ಯಂತ್ರವನ್ನು ಇನ್ನೂ ಒಂದು ವರ್ಷ ಓಡಿಸುವುದಕ್ಕೇ ನನಗೆ ಸಂಬಳ. ಅಂಥವನೇ ಫ್ರಿಡ್ಜು ಬದಲಾಯಿಸೋಣ ಎಂದಾಗ ಉಪ್ಪನಿಗೆ ಸಿಟ್ಟು ಬಂದದ್ದರಲ್ಲಿ ತಪ್ಪೇನೂ ಇಲ್ಲ.

ಆ ಫ್ರಿಡ್ಜು ಬಂದದ್ದು 1999ರಲ್ಲಿ. 165 ಲೀಟರಿನದು, ಒಂದೇ ಬಾಗಿಲು. ಹನ್ನೆರಡು ಕಂತು ಕಟ್ಟಿ ತಂದದ್ದು. ಆಗ ಅಂಗಡಿಯಲ್ಲಿ ಉಳಿದ ಹಾಲು, ಮೊಸರಿನ ಪ್ಯಾಕೆಟ್ ರಾತ್ರಿ ಮನೆಗೆ ಬರುತ್ತಿತ್ತು. ಅದು ಕೆಡದೆ ಇದ್ದರೆ ಮಾತ್ರ ಮರುದಿನ ಲಾಭ. ನಾವಿದ್ದ ವಠಾರದಲ್ಲಿ ಅದೇ ಮೊದಲ ಫ್ರಿಡ್ಜು. ನೋಂಬು ತಿಂಗಳಲ್ಲಿ ಮಗ್ರಿಬ್‌ಗೆ ಅರ್ಧ ಗಂಟೆ ಇರುವಾಗ ಅಕ್ಕಪಕ್ಕದ ಮಕ್ಕಳು ಪಾತ್ರೆ ಹಿಡಿದು ಐಸ್‌ಗೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಉಮ್ಮ ಟ್ರೇ ಬಗ್ಗಿಸಿ ಎಲ್ಲರಿಗೂ ನಾಲ್ಕು ನಾಲ್ಕು ತುಂಡು ಹಾಕುತ್ತಿದ್ದರು. ಉಪ್ಪನಿಗೆ ಆ ಫ್ರಿಡ್ಜು ಬರೀ ಸಾಮಾನು ಅಲ್ಲ. ಪರವೂರಿನಲ್ಲಿ ತಾನು ಕಾಲೂರಿದೆ ಎನ್ನುವುದಕ್ಕೆ ಅದು ಸಾಕ್ಷಿ.

ಹಾಗಾದರೆ ನಾನ್ಯಾಕೆ ಬದಲಾಯಿಸಲು ಹೊರಟೆ?

ಉಮ್ಮನಿಗೆ ನಾಲ್ಕು ವರ್ಷದಿಂದ ಇನ್ಸುಲಿನ್ ನಡೆಯುತ್ತಿದೆ. ಆ ವರ್ಷ ಎರಡು ಸಲ ಡೋಸ್ ಏರಿಸಿದರೂ ಬೆಳಗಿನ ಸಕ್ಕರೆ ಇಳಿಯಲಿಲ್ಲ. ಡಾಕ್ಟರು ಊಟ, ನಿದ್ದೆ ಎಲ್ಲ ವಿಚಾರಿಸಿ ಕೊನೆಗೆ ಕೇಳಿದರು, "ಇನ್ಸುಲಿನ್ ಎಲ್ಲಿ ಇಡುತ್ತೀರಿ?" ಉಮ್ಮ ಹೇಳಿದರು, "ಫ್ರಿಡ್ಜಿನಲ್ಲಿ." "ಫ್ರಿಡ್ಜಿನಲ್ಲಿ ಎಲ್ಲಿ?" ನನಗೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಬಂದು ನೋಡಿದರೆ, ಬಾಗಿಲಿನ ಮೇಲಿನ ತಟ್ಟೆಯಲ್ಲಿ, ಮೊಟ್ಟೆ ಇಡುವ ಜಾಗದಲ್ಲಿ.

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಬಿಸಿಯಾದರೆ ನಿಧಾನವಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿಸಿಯೂ ಬಳಸುವ ಹಾಗಿಲ್ಲ. ಹಾಳಾದದ್ದು ಕಣ್ಣಿಗೆ ಕಾಣಬೇಕೆಂದೂ ಇಲ್ಲ. ನಾನು ಕಾರ್ಖಾನೆಯಿಂದ ಒಂದು ಡಿಜಿಟಲ್ ಥರ್ಮಾಮೀಟರ್ ಕೇಳಿ ತಂದು ಮೂರು ದಿನ ಬೇರೆ ಬೇರೆ ಕಡೆ ಇಟ್ಟು ನೋಡಿದೆ. ಬಾಗಿಲಿನ ತಟ್ಟೆಯಲ್ಲಿ 12, 13 ಡಿಗ್ರಿ. ಒಳಗೆ ಐಸ್ ಪೆಟ್ಟಿಗೆಯ ಕೆಳಗೆ ರಾತ್ರಿ ಹೊತ್ತು ಸೊನ್ನೆಗಿಂತ ಕೆಳಗೆ. ಒಂದೇ ಫ್ರಿಡ್ಜಿನಲ್ಲಿ ಎರಡೂ ತಪ್ಪು ಜಾಗ.

ಇಂಥಾ ಹೊತ್ತಿಗೆ ನಮ್ಮಂಥವರು ಮೊದಲು ಮಾಡುವುದು ರಿಪೇರಿ. ಬಾಗಿಲಿನ ರಬ್ಬರ್ ಗಟ್ಟಿಯಾಗಿ ಬಿರಿದಿತ್ತು. ಒಂದು ನೋಟನ್ನು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ ಎಳೆದರೆ ಸಲೀಸಾಗಿ ಬರುತ್ತಿತ್ತು. ರಬ್ಬರ್ ಸರಿಯಿದ್ದರೆ ನೋಟು ಹಿಡಿದುಕೊಳ್ಳಬೇಕು. ಇದು ನೀವೂ ಈಗಲೇ ಎದ್ದು ಹೋಗಿ ನೋಡಬಹುದಾದ ಪರೀಕ್ಷೆ. ರಬ್ಬರ್ ಬದಲಾಯಿಸಿದೆವು, ಥರ್ಮೋಸ್ಟಾಟ್ ಬದಲಾಯಿಸಿದೆವು. ಬಾಗಿಲ ಬದಿ 13 ಇದ್ದದ್ದು 10ಕ್ಕೆ ಬಂತು, ಅದಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಕೆಳಗಿನ ತಗಡು ತುಕ್ಕು ಹಿಡಿದು, ಗೋಡೆಯೊಳಗೆ ಶಾಖ ತಡೆಯಲು ತುಂಬಿದ್ದ ಪದರಕ್ಕೆ ನೀರು ಇಳಿದಿತ್ತು. ಆ ಪದರ ಒದ್ದೆಯಾದರೆ ಅದು ಒದ್ದೆ ಕಂಬಳಿ ಇದ್ದ ಹಾಗೆ, ಹೊರಗಿನ ಬಿಸಿಯನ್ನು ತಡೆಯುವುದಿಲ್ಲ. ಕಂಪ್ರೆಸರ್ ಮಾತ್ರ ಹಗಲು ರಾತ್ರಿ ನಿಲ್ಲದೆ ಓಡುತ್ತಿತ್ತು. ಉಪ್ಪನಿಗೆ ಕೇಳಿಸುತ್ತಿದ್ದದ್ದು ಆ ಸದ್ದು. "ನೋಡು, ಇಷ್ಟು ವರ್ಷ ಆದರೂ ಹೇಗೆ ಓಡುತ್ತಿದೆ!"

ನಾನು ಮೊದಲು ಕರೆಂಟಿನ ಲೆಕ್ಕ ಇಟ್ಟೆ. ಪ್ಲಗ್ಗಿಗೆ ಸಿಕ್ಕಿಸುವ ಮೀಟರ್ ಹಾಕಿ ನೋಡಿದರೆ ದಿನಕ್ಕೆ 1.8 ಯೂನಿಟ್. ಹೊಸತರ ಲೇಬಲ್ ಮೇಲೆ ಬರೆದದ್ದು ನೋಡಿದರೆ ದಿನಕ್ಕೆ ಅರ್ಧ ಯೂನಿಟ್. ವರ್ಷಕ್ಕೆ ಉಳಿಯುವುದು ಸುಮಾರು 475 ಯೂನಿಟ್. ತಮಿಳುನಾಡಿನಲ್ಲಿ ಇಬಿ ಬಿಲ್ಲು ಎರಡು ತಿಂಗಳಿಗೊಮ್ಮೆ, ಆಗ ಮೊದಲ 100 ಯೂನಿಟ್ ಉಚಿತವಾಗಿತ್ತು. ಆದರೆ ಉಳಿತಾಯದ ಲೆಕ್ಕವನ್ನು ಆ ಉಚಿತ ಯೂನಿಟ್‌ನಿಂದ ಹಾಕಬಾರದು, ಬಿಲ್ಲಿನ ಕೊನೆಯ ಹಂತದ ದರದಿಂದ ಹಾಕಬೇಕು. ಯಾಕೆಂದರೆ ಕಡಿಮೆಯಾಗುವುದು ಮೇಲಿನ ಯೂನಿಟ್‌ಗಳೇ. ಒಟ್ಟು 500 ದಾಟಿದರೆ ಕೆಳಗಿನ ಹಂತದ ರಿಯಾಯಿತಿಯೂ ಹೋಗುತ್ತದೆ. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ವರ್ಷಕ್ಕೆ 2,850 ರೂಪಾಯಿ. ಹೊಸ ಫ್ರಿಡ್ಜಿಗೆ 16,500.

ಉಪ್ಪ ಲೆಕ್ಕದಲ್ಲಿ ನನಗಿಂತ ಜೋರು. ಪೇಪರಿನಿಂದ ತಲೆ ಎತ್ತದೆ ಹೇಳಿದರು, "ಅಸಲು ಬರಲು ಆರು ವರ್ಷ. ಆಮೇಲೆ ಆ ಹೊಸತು ಇದರ ಹಾಗೆ ಇಪ್ಪತ್ತೈದು ವರ್ಷ ಬರುತ್ತದೆ ಎಂದು ಯಾರು ಬರೆದು ಕೊಡುತ್ತಾರೆ?" ನನ್ನಲ್ಲಿ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ, ಬರೀ ಕರೆಂಟಿನ ಲೆಕ್ಕ ಆಗಿದ್ದರೆ ನಾನೂ ಇನ್ನೆರಡು ವರ್ಷ ಕಾಯುತ್ತಿದ್ದೆ.

ಎರಡು ದಿನ ಬಿಟ್ಟು ಅಂಗಡಿಗೆ ಹೋದೆ. ಎಲೆಕ್ಟ್ರಾನಿಕ್ ತಕ್ಕಡಿಗೆ ಆ ವರ್ಷದ ಸೀಲು ಹಾಕಿಸಿ ತಂದಿದ್ದರು. ತೂಕ-ಅಳತೆಯ ಕಾನೂನಿನ ಪ್ರಕಾರ ಅದನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ಉಪ್ಪ ಅದರಲ್ಲಿ ಒಂದು ವರ್ಷವೂ ತಪ್ಪಿದವರಲ್ಲ. ಅಳತೆಯಲ್ಲಿ ಮೋಸ ಮಾಡಿದ ದುಡ್ಡು ಮನೆಗೆ ಬರಬಾರದು ಎನ್ನುವುದು ಅವರ ಹಟ.

ನಾನು ಕೇಳಿದೆ, "ಉಪ್ಪಾ, ತಕ್ಕಡಿಯ ಲೈಟ್ ಉರಿಯುತ್ತದೆ, ನಂಬರ್ ತೋರಿಸುತ್ತದೆ, ಆದರೆ ಒಂದು ಕಿಲೋ ಇಟ್ಟರೆ 900 ತೋರಿಸುತ್ತದೆ ಅಂತಿಟ್ಟುಕೊಳ್ಳಿ. ಅದು ನಡೆಯುತ್ತಾ ಇದೆ ಎನ್ನುತ್ತೀರಾ?"

"ಅದೆಂಥ ನಡೆಯುವುದು? ಅದು ಹಾಳಾದದ್ದೇ."

ಜೇಬಿನಿಂದ ಥರ್ಮಾಮೀಟರ್ ತೆಗೆದು ಮೇಜಿನ ಮೇಲಿಟ್ಟೆ. "ಇದು ಫ್ರಿಡ್ಜಿನ ತೂಕದ ಕಲ್ಲು. ಎಂಟರ ಒಳಗೆ ಇರಬೇಕು. ಹತ್ತು ತೋರಿಸುತ್ತಾ ಉಂಟು."

ಉಪ್ಪ ಅದನ್ನು ಕೈಗೆತ್ತಿಕೊಂಡು ತುಂಬ ಹೊತ್ತು ನೋಡಿದರು. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದು ಕಡಲೆಬೇಳೆ ಕೇಳಿದ. ತೂಗಿ ಕೊಟ್ಟು, ಚಿಲ್ಲರೆ ಎಣಿಸಿ, ಆಮೇಲೆ ಹೇಳಿದರು, "ಹಾಲಿಗೆ ಸಾಕಿತ್ತು ಮೋನೆ. ಮದ್ದಿಗೆ ಸಾಲದು."

ನಾನು ಮೂರು ವಾರ ಹೇಳಲು ಒದ್ದಾಡಿದ್ದನ್ನು ಉಪ್ಪ ಎರಡು ಮಾತಿನಲ್ಲಿ ಹೇಳಿಬಿಟ್ಟರು. ಫ್ರಿಡ್ಜು ಮುದಿಯಾದದ್ದಷ್ಟೇ ಅಲ್ಲ, ಅದರ ಕೆಲಸವೇ ಬದಲಾಗಿತ್ತು. ಹಾಲು ಕೆಟ್ಟರೆ ಮೂಗಿಗೆ ಗೊತ್ತಾಗುತ್ತದೆ. ಇನ್ಸುಲಿನ್ ಕೆಟ್ಟರೆ ಉಮ್ಮನ ರಕ್ತದಲ್ಲಿ ಗೊತ್ತಾಗುತ್ತದೆ.

ಹೊಸತು ಬಂತು. ಅಂಗಡಿಯವರು ಹಳತಕ್ಕೆ 1,500 ಕೊಡುತ್ತೇವೆ ಎಂದರು. ಉಪ್ಪನ ಮನಸ್ಸು ಬೇರೆ ಇತ್ತು. ಅಂಗಡಿಯಲ್ಲಿ ಮೂಟೆ ಇಳಿಸುವ ಹುಡುಗನಿಗೆ ಈಗಷ್ಟೇ ಮದುವೆಯಾಗಿತ್ತು, ಅವನಿಗೆ ಕೊಡೋಣ ಎಂದರು. ನಮ್ಮ ಮನೆಗಳಲ್ಲಿ ಇದು ಇದ್ದದ್ದೇ. ಹೊಸತು ನಮಗೆ, ಹಳತು ಯಾರಿಗಾದರೂ. ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತೇವೆ. ಆದರೆ ಈ ಫ್ರಿಡ್ಜು ಕೊಟ್ಟರೆ ಅವನಿಗೆ ಎರಡು ತಿಂಗಳಿಗೆ ನೂರಕ್ಕೂ ಹೆಚ್ಚು ಯೂನಿಟ್ ಬಿಲ್ಲು ಕೊಟ್ಟ ಹಾಗೆ. ಅವನಿಗೆ ಆಗ ಸಿಗುತ್ತಿದ್ದ ಉಚಿತ ಯೂನಿಟ್ ಅಷ್ಟನ್ನೂ ಅದೊಂದೇ ತಿನ್ನುತ್ತಿತ್ತು. ಅದನ್ನು ಹೇಳಿದಾಗ ಉಪ್ಪ ಸುಮ್ಮನಾದರು. ಅವನಿಗೆ ಬೇರೆ ಉಡುಗೊರೆ ಕೊಟ್ಟರು, ಹೊಸತನ್ನೇ.

ಗುಜರಿಗೂ ಹಾಕಲಿಲ್ಲ. ಹಿಂದಿನ ತಗಡಿನಲ್ಲಿ ಆರ್-12 ಎಂದು ಬರೆದಿದೆ. ಓಝೋನ್ ಪದರ ತಿನ್ನುವ ಅನಿಲ ಅದು. 1987ರ ಮಾಂಟ್ರಿಯಲ್ ಒಪ್ಪಂದದಿಂದಾಗಿ ಜಗತ್ತೇ ಅದನ್ನು ಕೈಬಿಟ್ಟಿತು, ನಮ್ಮ ದೇಶದಲ್ಲಿ 2010ರ ಹೊತ್ತಿಗೆ ನಿಂತಿತು. ಬೀದಿಯ ಗುಜರಿಯವನು ತಾಮ್ರಕ್ಕಾಗಿ ಪೈಪ್ ಕತ್ತರಿಸಿದರೆ ಆ ಅನಿಲ ನೇರ ಗಾಳಿಗೆ ಹೋಗುತ್ತದೆ. ಈಗ ಇ-ತ್ಯಾಜ್ಯದ ನಿಯಮದಲ್ಲಿ ಫ್ರಿಡ್ಜೂ ಸೇರಿದೆ, ನೋಂದಾಯಿತ ಘಟಕಕ್ಕೆ ಕೊಡುವುದು ಸರಿಯಾದ ದಾರಿ. ಅದು ಆಗುವವರೆಗೆ ನಾವು ಪೈಪಿಗೆ ಕೈ ಹಾಕದೆ, ವಯರ್ ಮಾತ್ರ ತೆಗೆದು, ಅಂಗಡಿಯ ಹಿಂದಿನ ಕೋಣೆಯಲ್ಲಿ ಇಟ್ಟಿದ್ದೇವೆ. ಮಕ್ಕಳು ಆಟಕ್ಕೆ ನುಗ್ಗದ ಹಾಗೆ ಒಳಗಿನ ತಟ್ಟೆಗಳನ್ನು ಬಿಗಿಯಾಗಿ ಕೂರಿಸಿದೆ. ಈಗ ಅದರಲ್ಲಿ ಏಲಕ್ಕಿ, ಗೋಡಂಬಿ, ಒಣದ್ರಾಕ್ಷಿ. ಇಲಿ ಹೊಕ್ಕುವ ಮಾತೇ ಇಲ್ಲ. ಉಪ್ಪನಿಗೆ ಅದರಲ್ಲಿ ಖುಷಿ.

ಇದಾದ ಮೇಲೆ ಮನೆಯ ಉಳಿದ ಸಾಮಾನುಗಳ ಲೆಕ್ಕವನ್ನೂ ಹಾಕಿದೆ. ಕೊಯಮತ್ತೂರಿನ ಗ್ರೈಂಡರ್ ನನ್ನ ಶಾಲೆಯ ಕಾಲದ್ದು. ಅರ್ಧ ಎಚ್‌ಪಿ ಮೋಟರ್, ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಓಡುತ್ತದೆ. ತಿಂಗಳಿಗೆ 3 ಯೂನಿಟ್ ಕೂಡ ಆಗುವುದಿಲ್ಲ. ಬೆಲ್ಟ್ ಹೋದರೆ ಬೆಲ್ಟ್ ಸಿಗುತ್ತದೆ, ಬೇರಿಂಗ್ ಹೋದರೆ ಬೇರಿಂಗ್. ಪತ್ತಿರ್‌ಗೆ ಅಕ್ಕಿ ಅದರಲ್ಲಿ ಅರೆದ ಹಾಗೆ ಬೇರೆ ಯಾವುದರಲ್ಲೂ ಆಗುವುದಿಲ್ಲ ಎಂದು ಉಮ್ಮನ ತೀರ್ಪು. ಅದನ್ನು ಬದಲಾಯಿಸುವುದು ಇಸ್ರಾಫ್, ಬೇರೆ ಹೆಸರಿಲ್ಲ.

ಫ್ಯಾನಿನ ವಿಷಯ ಮಾತ್ರ ಊರಿನ ಮೇಲೆ ನಿಂತಿದೆ. ಹಳೆ ಫ್ಯಾನಿಗೆ 75 ವ್ಯಾಟ್, ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು. ಸುಮಾರು 22 ಗಂಟೆ ತಿರುಗಿದರೆ ಒಂದು ಯೂನಿಟ್ ಉಳಿಯುತ್ತದೆ. ಹೊಸೂರು ಎತ್ತರದ ಊರು, ನಮಗೆ ಬೇಸಗೆಯ ಮೂರು ತಿಂಗಳು ಬಿಟ್ಟರೆ ಫ್ಯಾನ್ ಅಷ್ಟಾಗಿ ಬೇಡ. 3,000 ಕೊಟ್ಟು ಬದಲಾಯಿಸಿದರೆ ಅಸಲು ಬರುವ ಹೊತ್ತಿಗೆ ನನಗೆ ಅರುವತ್ತು ದಾಟುತ್ತದೆ. ಆದರೆ ಶೂಳಗಿರಿ ದಾಟಿ ಕೆಳಗಿಳಿದು ಕೃಷ್ಣಗಿರಿಗೆ ಹೋದರೆ ಸೆಕೆ. ಅಲ್ಲಿ ತಂಗಿಯ ಮನೆಯಲ್ಲಿ ವರ್ಷದ ಹತ್ತು ತಿಂಗಳು ದಿನಕ್ಕೆ 12 ಗಂಟೆ ಫ್ಯಾನ್ ಓಡುತ್ತದೆ. ಅವಳಿಗೆ ಮೂರು ವರ್ಷದಲ್ಲಿ ಅಸಲು ಬರುತ್ತದೆ. ಬಂಟ್ವಾಳದ ಮನೆಗೂ ಹಾಗೆಯೇ. ಫ್ಯಾನ್ ಅದೇ, ಕಂಪನಿ ಅದೇ, ಊರಿಗೆ ತಕ್ಕ ಹಾಗೆ ಉತ್ತರ ಬೇರೆ.

ನನ್ನ ಲೆಕ್ಕ ತಪ್ಪಿದ್ದು ವಾಷಿಂಗ್ ಮೆಷಿನಿನಲ್ಲಿ. ಸೆಮಿ ಆಟೊಮ್ಯಾಟಿಕ್, ಏನೂ ತೊಂದರೆ ಇಲ್ಲ, ಇರಲಿ ಎಂದು ಬರೆದಿಟ್ಟೆ. ನನ್ನ ಹೆಂಡತಿ ಆ ಕಾಗದ ನೋಡಿ ಕೇಳಿದಳು, "ಒದ್ದೆ ಬೆಡ್‌ಶೀಟ್ ಈ ತೊಟ್ಟಿಯಿಂದ ಆ ತೊಟ್ಟಿಗೆ ಎತ್ತಿ ಹಾಕುವುದು ಯಾರು? ಕರೆಂಟಿನ ಲೆಕ್ಕ ಹಾಕಿದಿರಿ, ನನ್ನ ಸೊಂಟದ ಲೆಕ್ಕ ಎಲ್ಲಿ?" ಅದಕ್ಕೆ ನನ್ನ ಮೀಟರಿನಲ್ಲಿ ಯೂನಿಟ್ ಇರಲಿಲ್ಲ. ಈ ಪೆರ್ನಾಲ್‌ಗೆ ಮೊದಲು ಅದು ಬದಲಾಗುತ್ತದೆ.

ಹಾಗಾಗಿ ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ಓಡುತ್ತಿದೆಯೇ ಎಂದಷ್ಟೇ ಕೇಳಬೇಡಿ. ಅದಕ್ಕೆ ಒಪ್ಪಿಸಿದ ಕೆಲಸ ಸರಿಯಾಗಿ ಆಗುತ್ತಿದೆಯೇ, ದಿನಕ್ಕೆ ಎಷ್ಟು ಗಂಟೆ ಓಡುತ್ತದೆ, ರಿಪೇರಿಗೆ ಬಗ್ಗುತ್ತದೆಯೇ, ಅದರ ಭಾರ ಹೊರುವವರು ಯಾರು ಎಂದು ಕೇಳಿ. ಹೊಸತು ಕೊಳ್ಳುವಾಗ ಸ್ಟಾರ್ ಎಣಿಸುವುದಕ್ಕಿಂತ ಲೇಬಲ್ಲಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದಿದೆ ಅದನ್ನು ಓದಿ. ಸ್ಟಾರಿನ ಅಳತೆಯನ್ನು ಆಗಾಗ ಬಿಗಿ ಮಾಡುತ್ತಾರೆ, ಹಳೆ ಐದು ಸ್ಟಾರ್ ಇವತ್ತಿನ ಐದು ಸ್ಟಾರ್ ಅಲ್ಲ. ಮನೆಯಲ್ಲಿ ಇನ್ಸುಲಿನ್ ಇದ್ದರೆ ಒಂದು ಥರ್ಮಾಮೀಟರ್ ತಂದಿಡಿ, ಬಾಗಿಲಿನಲ್ಲೂ ಇಡಬೇಡಿ, ಐಸ್ ಪೆಟ್ಟಿಗೆಗೆ ತಾಗಿಸಿಯೂ ಇಡಬೇಡಿ.

ಉಮ್ಮನ ಸಕ್ಕರೆ ಈಗ ಇಳಿದಿದೆ. ಊಟವೂ ಬದಲಾಯಿತು, ನಡಿಗೆಯೂ ಶುರುವಾಯಿತು, ಆದ್ದರಿಂದ ಎಲ್ಲವೂ ಫ್ರಿಡ್ಜಿನಿಂದ ಎಂದು ನಾನು ಹೇಳುವುದಿಲ್ಲ. ಆದರೆ ಉಪ್ಪ ದಿನಾ ಬೆಳಿಗ್ಗೆ ಸುಬಹಿ ನಮಾಝ್ ಮುಗಿಸಿ ಬಂದು ಫ್ರಿಡ್ಜಿನ ಬಾಗಿಲು ತೆರೆದು ಥರ್ಮಾಮೀಟರ್ ನೋಡುತ್ತಾರೆ. ಅಂಗಡಿ ತೆರೆದ ಕೂಡಲೇ ತಕ್ಕಡಿ ಸೊನ್ನೆಗೆ ನಿಂತಿದೆಯೇ ಎಂದು ನೋಡುವ ಹಾಗೆಯೇ. ಆಮೇಲೆ ಅಡುಗೆಮನೆಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳುತ್ತಾರೆ, "ಐದು ಉಂಟು."