ಮಾಜಿವಾಡಾದ ಎಂಟು ಗಂಟೆಯ ಜಪಮಾಲೆ

ಥಾಣೆ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು ಮೂರು-ನಾಲ್ಕು ಕಿಲೋಮೀಟರ್ ಹೋದರೆ ಮಾಜಿವಾಡಾ. ಮುಂಬೈಯಿಂದ ಬರುವ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಇಲ್ಲಿ ಕವಲೊಡೆಯುತ್ತದೆ. ಒಂದು ದಾರಿ ಘೋಡ್‌ಬಂದರ್ ರೋಡ್, ಇನ್ನೊಂದು ನಾಸಿಕ್ ಕಡೆಗೆ. ಮೇಲೆ ಫ್ಲೈಓವರ್, ಪಕ್ಕದಲ್ಲಿ ಮೆಟ್ರೋ ಕಂಬಗಳು, ಕೆಳಗೆ ಭಿವಂಡಿಯ ಗೋದಾಮುಗಳಿಗೆ ಹೊರಟ ಲಾರಿಗಳು. ಸಂಜೆ ಆರರಿಂದ ಒಂಬತ್ತರವರೆಗೆ ಇಲ್ಲಿ ಮಾತಾಡಬೇಕಾದರೆ ಕೂಗಬೇಕು. ಪ್ರವಾಸಿಗಳು ಹುಡುಕಿಕೊಂಡು ಬರುವ ಜಾಗ ಇದಲ್ಲ. ಆದರೂ ಈ ಗದ್ದಲದ ಮಧ್ಯೆ ದಿನಕ್ಕೆ ಇಪ್ಪತ್ತು ನಿಮಿಷ ವಿಶ್ರಾಂತಿ ಕಂಡುಕೊಂಡವರು ಇದ್ದಾರೆ. ಅವರಲ್ಲಿ ನಮ್ಮೂರಿನವರೂ ಇದ್ದಾರೆ.

ಹೈವೇಯಿಂದ ಒಳಗೆ ಹೊಕ್ಕರೆ ಹಳೆಯ ಮಾಜಿವಾಡಾ ಗಾವ್ ಸಿಗುತ್ತದೆ. ಅದರ ಸುತ್ತ ಟವರುಗಳು ಎದ್ದಿವೆ. ಮಂಗಳೂರು, ಉಡುಪಿ, ಕಾರ್ಕಳದ ಕಡೆಯಿಂದ ಬಂದ ಕುಟುಂಬಗಳು ಈ ಕಟ್ಟಡಗಳಲ್ಲಿ ಹರಡಿಕೊಂಡಿವೆ. ಮೊದಲು ಕೋಟೆ, ಭಾಯ್ಖಳಾದ ಖೋಲಿಗಳಲ್ಲಿದ್ದು, ಸಂಸಾರ ಬೆಳೆದಂತೆ ಬಾಡಿಗೆ ಕೈಗೆಟಕುವಲ್ಲಿಗೆ ಸರಿಯುತ್ತಾ ಬಂದವರು ಇವರಲ್ಲಿ ಅನೇಕರು.

ಥಾಣೆಗೂ ಕ್ರೈಸ್ತ ಪ್ರಾರ್ಥನೆಗೂ ಇರುವ ನಂಟು ಪೋರ್ಚುಗೀಸರಿಗಿಂತಲೂ ಹಳೆಯದು. 1321ರಲ್ಲಿ ಥೋಮಸ್ ಎಂಬ ಇಟಲಿಯ ಫ್ರಾನ್ಸಿಸ್ಕನ್ ಸಂನ್ಯಾಸಿ ಮೂವರು ಸಂಗಾತಿಗಳೊಂದಿಗೆ ಹಡಗಿನಲ್ಲಿ ಇಲ್ಲಿಗೆ ಬಂದಿಳಿದ. ಅವರು ಹೊರಟಿದ್ದು ಕೊಲ್ಲಂಗೆ. ಥಾಣೆಯಲ್ಲಿ ಆಗಲೇ ನೆಸ್ಟೋರಿಯನ್ ಕ್ರೈಸ್ತರ ಹದಿನೈದು ಮನೆಗಳಿದ್ದವು ಎಂದು ಸ್ವಲ್ಪ ಕಾಲದ ನಂತರ ಇಲ್ಲಿಗೆ ಬಂದ ಯಾತ್ರಿಕ ಒಡೋರಿಕ್ ಬರೆದಿದ್ದಾನೆ. ಅಂಥ ಒಂದು ಮನೆಯಲ್ಲೇ ಆ ನಾಲ್ವರು ಉಳಿದುಕೊಂಡರು. ಧರ್ಮದ ವಾಗ್ವಾದವೊಂದು ಅಧಿಕಾರಿಗಳವರೆಗೆ ಹೋಗಿ, ಏಪ್ರಿಲ್ ತಿಂಗಳಲ್ಲಿ ನಾಲ್ವರೂ ಕೊಲೆಯಾದರು. ಅವರ ಜೊತೆಗಾರ ಜೋರ್ಡಾನಸ್ ಆಗ ಬೇರೆ ಕಡೆ ಇದ್ದ. ಹಿಂತಿರುಗಿ ಬಂದವನು ದೇಹಗಳನ್ನು ಸೋಪಾರಾದಲ್ಲಿ, ಅಂದರೆ ಈಗಿನ ನಾಲಾಸೋಪಾರಾದ ಕಡೆ, ಮಣ್ಣು ಮಾಡಿದ. ಆಮೇಲೆ ಒಂಟಿಯಾಗಿ ಈ ಕರಾವಳಿಯಲ್ಲೇ ಕೆಲಸ ಮುಂದುವರಿಸಿದ. ಭಾಷೆ ಬಾರದ ಊರು, ಸತ್ತುಹೋದ ಸಂಗಾತಿಗಳು. ಅವನ ಹತ್ತಿರ ಉಳಿದದ್ದು ದಿನದ ಪ್ರಾರ್ಥನೆಯೊಂದೇ ಇರಬೇಕು.

ಪೋರ್ಚುಗೀಸರ ಕಾಲದ ಗುರುತು ನೋಡಬೇಕಾದರೆ ಮಾಜಿವಾಡಾದಿಂದ ಬಸ್ಸು ಹಿಡಿದು ತಲಾವ್‌ಪಾಳಿಗೆ ಬನ್ನಿ. ಮಾಸುಂದಾ ಕೆರೆಯ ಹತ್ತಿರ ಸೇಂಟ್ ಜಾನ್ ದ ಬ್ಯಾಪ್ಟಿಸ್ಟ್ ಇಗರ್ಜಿ ಇದೆ. ಅದರ ಮೂಲ 16ನೇ ಶತಮಾನದ್ದು. 1737ರಲ್ಲಿ ಮರಾಠರು ಥಾಣೆಯನ್ನು ಗೆದ್ದರು, ಆಮೇಲೆ ಇಂಗ್ಲಿಷರು ಬಂದರು. ಆಳುವವರು ಬದಲಾದರೂ ಇಲ್ಲಿನ ಹಳ್ಳಿಗಳ ಮರಾಠಿ ಮಾತಿನ ಕ್ರೈಸ್ತರು ಪ್ರಾರ್ಥನೆ ಬಿಡಲಿಲ್ಲ. ಅವರನ್ನು ಈಸ್ಟ್ ಇಂಡಿಯನ್ನರು ಎನ್ನುತ್ತಾರೆ. ಈ ಹೆಸರು ಅವರು 1887ರಲ್ಲಿ ತಾವೇ ಇಟ್ಟುಕೊಂಡದ್ದು, ಗೋವಾ ಮತ್ತು ಮಂಗಳೂರಿನಿಂದ ಕೆಲಸಕ್ಕೆ ಬಂದವರಿಂದ ತಮ್ಮನ್ನು ಬೇರೆಯಾಗಿ ತೋರಿಸಲು. ವಲಸೆ ಬಂದ ನಮ್ಮವರ ಕಾರಣದಿಂದ ಮೂಲನಿವಾಸಿಗಳು ಹೆಸರು ಹುಡುಕಿಕೊಳ್ಳಬೇಕಾಯಿತು!

ಈಗ ಇವರೆಲ್ಲ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಗೋವಾದವರ ಕೊಂಕಣಿ ಪ್ರಾರ್ಥನೆ ಪುಸ್ತಕ ರೋಮನ್ ಲಿಪಿಯಲ್ಲಿ, ಮಂಗಳೂರಿನವರದ್ದು ಕನ್ನಡ ಲಿಪಿಯಲ್ಲಿ. 1938ರಿಂದ ಮಂಗಳೂರಿನಲ್ಲಿ ಅಚ್ಚಾಗುತ್ತಿರುವ 'ರಾಕ್ಣೊ' ಕೂಡ ಕನ್ನಡ ಲಿಪಿಯದೇ. ಬೀದರ್, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಮೆಥೋಡಿಸ್ಟ್ ಕುಟುಂಬಗಳೂ ಈ ಮಹಾನಗರದಲ್ಲಿವೆ. ಅವರಿಗೆ ಜಪಮಾಲೆ ಇಲ್ಲ. ಕನ್ನಡ ಬೈಬಲ್, ಕನ್ನಡ ಕೀರ್ತನೆ, ರಾತ್ರಿ ಊಟಕ್ಕೆ ಮುಂಚಿನ ಕುಟುಂಬ ಪ್ರಾರ್ಥನೆ ಅವರ ಕ್ರಮ.

ನಮ್ಮ ಕಟ್ಟಡದ ಐದನೇ ಮಹಡಿಯಲ್ಲಿ ಕಾರ್ಕಳದ ಕಡೆಯ ಬಾಯಮ್ಮ ಒಬ್ಬರಿದ್ದಾರೆ. ಜನವರಿಯಲ್ಲಿ ಅತ್ತೂರು ಜಾತ್ರೆಗೆ ಹೋಗಿ ಮೇಣದಬತ್ತಿ ಹಚ್ಚುವ ಹಿಂದೂ ಮನೆಯವನಾದ ನನಗೆ ಅವರ ಮನೆ ಹೊಸದೆನಿಸಲಿಲ್ಲ. ರಾತ್ರಿ ಎಂಟಕ್ಕೆ ಟಿವಿ ಬಂದ್, 'ತೇರ್ಸ್' ಶುರು. ಐದು ಸುತ್ತು. ಪ್ರತಿ ಸುತ್ತಿಗೆ ಒಂದು ಪರಲೋಕ ಮಂತ್ರ, ಹತ್ತು ನಮೋ ಮರಿಯೆ. ವಾರದ ದಿನಕ್ಕೆ ತಕ್ಕಂತೆ ಏಸುವಿನ ಬದುಕಿನ ಸಂತೋಷ, ಬೆಳಕು, ದುಃಖ, ಮಹಿಮೆಯ ಘಟನೆಗಳ ಧ್ಯಾನ. ಮಂತ್ರದ ಮೊದಲ ಅರ್ಧವನ್ನು ಒಬ್ಬರು ಹೇಳಿದರೆ ಉಳಿದರ್ಧವನ್ನು ಮಿಕ್ಕವರು ಹೇಳಬೇಕು.

ಅವರ ಯಜಮಾನರಿಗೆ ನಾಲ್ಕು ವರ್ಷ ವಾರಕ್ಕೆ ಮೂರು ಸಲ ಡಯಾಲಿಸಿಸ್ ಇತ್ತು. ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ, ಆಸ್ಪತ್ರೆಯ ಸಾಲು, ಬಿಲ್ಲು, ರಿಕ್ಷಾದವರ ಜೊತೆ ಚೌಕಾಸಿ. ಅಷ್ಟಾದರೂ ರಾತ್ರಿ ಎಂಟು ತಪ್ಪುತ್ತಿರಲಿಲ್ಲ. ಅವರು ತೀರಿಕೊಂಡು ಕೆಲವು ತಿಂಗಳಾದ ಮೇಲೆ ಸ್ವಲ್ಪ ಧೈರ್ಯ ಮಾಡಿ ಕೇಳಿದೆ: "ಬಾಯಮ್ಮ, ಇಷ್ಟು ಪ್ರಾರ್ಥನೆ ಮಾಡಿದ್ರಿ. ದೇವರು ಕೇಳಿಸಿಕೊಂಡನಾ?"

"ಅವರನ್ನು ಉಳಿಸಿಕೊಡು ಅಂತ ಕೇಳಿದ್ದೆ ಮಾರಾಯ್ರೇ. ಉಳಿಸಲಿಲ್ಲ," ಅಂದರು. "ಆದರೆ ಆ ನಾಲ್ಕು ವರ್ಷ ದಿನಾ ರಾತ್ರಿ ನನಗೆ ನಿದ್ದೆ ಬಂತು. ನಿದ್ದೆ ಬಾರದಿದ್ರೆ ಮರುದಿನ ಯಾರು ಏಳೋದು?"

ಇದಕ್ಕೊಂದು ದೇಹದ ಲೆಕ್ಕವೂ ಇದೆ. 2001ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿ ಮತ್ತು ಸಂಗಡಿಗರು 23 ಜನರಿಂದ ಲ್ಯಾಟಿನ್ ಜಪಮಾಲೆಯನ್ನೂ 'ಓಂ ಮಣಿ ಪದ್ಮೇ ಹುಂ' ಮಂತ್ರವನ್ನೂ ಹೇಳಿಸಿ ಪರೀಕ್ಷಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು, ಹೃದಯ ಮತ್ತು ರಕ್ತದೊತ್ತಡದ ಲಯ ಅದಕ್ಕೆ ಹೊಂದಿಕೊಂಡಿತು. ಅಜ್ಜಿಯಂದಿರ ಸಂಜೆಯ ಭಜನೆ ಕೇಳಿ ಬೆಳೆದ ನಮಗೆ ಇದು ಆಶ್ಚರ್ಯದ ವಿಷಯವೇನಲ್ಲ. ಬಾಯಿಪಾಠವಾದ ಮಾತಿಗೆ ಯೋಚನೆ ಮಾಡಬೇಕಿಲ್ಲ. ಸುಸ್ತಾದವರಿಗೆ ಅದೇ ದೊಡ್ಡ ಉಪಕಾರ.

ಆದರೆ ಬಾಯಮ್ಮನಿಗೆ ಉಸಿರಿನ ಲೆಕ್ಕ ಬೇಕಿಲ್ಲ. ದುಡಿದು ಬಳಲಿದವರು, ಹೊರೆ ಹೊತ್ತವರು ತನ್ನ ಬಳಿಗೆ ಬರಲಿ ಎಂದು ಏಸು ಕರೆದದ್ದನ್ನು ಅವರು ನಂಬಿದ್ದಾರೆ. ಹೊರೆ ಇಲ್ಲವಾಗುತ್ತದೆ ಅಂತ ಅವರೆಂದೂ ಹೇಳಿದ್ದಿಲ್ಲ. ಇಪ್ಪತ್ತು ನಿಮಿಷ ಇಳಿಸಿಡಲು ಒಂದು ಕಟ್ಟೆ ಇದೆ, ಅಷ್ಟೇ. ನಮ್ಮೂರಿನ ದಾರಿಗಳಲ್ಲಿ ತಲೆಹೊರೆಯವರಿಗೆಂದು ನೆಟ್ಟ ಕಲ್ಲುಗಳಿದ್ದವಲ್ಲ, ಹಾಗೆ.

ಗಂಡ ಹೋದ ಮೇಲೆ ಮಂತ್ರದ ಉಳಿದರ್ಧ ಹೇಳುವವರಿಲ್ಲದೆ ಎರಡೂ ಭಾಗ ಅವರೇ ಹೇಳುತ್ತಿದ್ದರು. ಈಗ ಕುವೈತಿನಲ್ಲಿರುವ ಮಗ ಎಂಟಕ್ಕೆ ಫೋನ್ ಮಾಡುತ್ತಾನೆ. ಅಲ್ಲಿ ಆಗ ಸಂಜೆ ಐದೂವರೆ, ಕೆಲಸ ಬಿಟ್ಟು ಕಂಪನಿ ಬಸ್ಸಿನಲ್ಲಿ ಇರುತ್ತಾನೆ. ಸ್ಪೀಕರ್ ಹಾಕಿ ಫೋನನ್ನು ಅಲ್ತಾರಿನ ಮುಂದೆ ಇಡುತ್ತಾರೆ. ಕೆಲವೊಮ್ಮೆ ಲೈನ್ ಕಟ್ ಆಗುತ್ತದೆ. ಆಗ ಅಷ್ಟು ಹೊತ್ತು ಇವರೇ ಎರಡೂ ಭಾಗ ಹೇಳಿ, ಅವನು ಮತ್ತೆ ಸಿಕ್ಕಾಗ ಅಲ್ಲಿಂದಲೇ ಮುಂದುವರಿಸುತ್ತಾರೆ.