ಏಳು ಶ್ರುತಿಯ ಒಂದು ಸ್ವರ

ಹಾರ್ಮೋನಿಯಂ ದುರಸ್ತಿ ಮಾಡುವವನು ರೀಡುಗಳನ್ನು ಉಜ್ಜಿ ಕೂರಿಸುವಾಗ ಅವನಿಗೆ ಇರುವುದು ಒಂದೇ ಗುರಿ: ಒಂದು ಕೀಲಿಗೆ ಓಗೊಡುವ ಎರಡು ರೀಡುಗಳು ಕೂಡಿ ನುಡಿದಾಗ ಅಲುಗಾಟ ಕೇಳಿಸಬಾರದು. 'ವೋಂ ವೋಂ' ಎಂಬ ಆ ಅಲೆಯನ್ನು ನಾವೆಲ್ಲ ಶ್ರುತಿ ಸೇರದ ಲಕ್ಷಣವೆಂದೇ ಎಣಿಸುತ್ತೇವೆ. ಅದೇ ದೋಷವನ್ನು ಬೇಕೆಂದೇ ಬರಮಾಡಿಕೊಂಡು, ಅಳತೆಗೆ ಒಳಪಡಿಸಿ, ಗುಣವನ್ನಾಗಿ ಮಾಡಿಕೊಂಡ ಸಂಗೀತವೊಂದು 1990ರ ದಶಕದಲ್ಲಿ ಜರ್ಮನಿ, ಹಾಲೆಂಡುಗಳ ನೃತ್ಯಶಾಲೆಗಳಲ್ಲಿ ಬೆಳೆಯಿತು. ಅದರ ಹೆಸರು ಟ್ರಾನ್ಸ್.

ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯರಿಗೆ ಇದರ ಗೊಡವೆಯೇಕೆಂದು ವಾಚಕರು ಕೇಳಬಹುದು. ನಮ್ಮ ಸೋದರಳಿಯ ನಗರದ ಉದ್ಯೋಗ ಕೈತಪ್ಪಿ ಮನೆಗೆ ಮರಳಿದವನು, ಎಂಟು ತಿಂಗಳಿನಿಂದ ಉಪ್ಪರಿಗೆಯ ಕೋಣೆಯಲ್ಲಿ ಸಿಂಥಸೈಜರ್ ಒಂದರ ಮುಂದೆ ಕುಳಿತಿದ್ದ. ಉಣ್ಣುವಾಗಲೂ ಮಾತಿಲ್ಲ. "ಅಣ್ಣಾ, ಅದನ್ನೊಮ್ಮೆ ಮಾರಿಸಿಬಿಡು. ನಿನ್ನ ಮಾತಾದರೆ ಕೇಳಿಯಾನು" ಎಂದು ತಂಗಿ ಹೇಳಿ ಕಳುಹಿಸಿದಳು. ಉತ್ತರಪತ್ರಿಕೆಯನ್ನು ಓದದೆ ಅಂಕ ಕೊಡುವ ಅಭ್ಯಾಸ ನಮಗಿಲ್ಲ. ಆದುದರಿಂದ ಮೊದಲು ಕೇಳಲು ಕುಳಿತೆವು.

ಅವನು ಹುಡುಕುತ್ತಿದ್ದುದು ಒಂದು ನಿರ್ದಿಷ್ಟ ನಾದವನ್ನು. ಜಪಾನಿನ ರೋಲ್ಯಾಂಡ್ ಕಂಪೆನಿ 1996ರಲ್ಲಿ ಹೊರತಂದ ಜೆಪಿ-8000 ಎಂಬ ವಾದ್ಯದಲ್ಲಿ 'ಸೂಪರ್ ಸಾ' ಎಂಬುದಿತ್ತು. ಗರಗಸದ ಹಲ್ಲಿನಾಕಾರದ ತರಂಗಗಳು ಏಳು; ಒಂದು ನಡುವೆ, ಉಳಿದ ಆರು ಅದರ ಅಕ್ಕಪಕ್ಕದಲ್ಲಿ, ಕೂದಲೆಳೆಯಷ್ಟು ಏರಿ ಇಳಿದು. ಟ್ರಾನ್ಸ್ ಸಂಗೀತದಲ್ಲಿ ಮುಖ್ಯ ರಾಗವನ್ನು ಹೊತ್ತು ನಡೆಯುವ ವಿಶಾಲ ಧ್ವನಿ ಬಹುಮಟ್ಟಿಗೆ ಇದೇ. ಆಡಮ್ ಸಾಬೊ ಎಂಬ ವಿದ್ಯಾರ್ಥಿ 2010ರಲ್ಲಿ ಸ್ಟಾಕ್‌ಹೋಮಿನ ತಾಂತ್ರಿಕ ವಿದ್ಯಾಪೀಠದಲ್ಲಿ ಈ ಏಳರ ಅಂತರಗಳನ್ನು ಅಳೆದು ಪ್ರಬಂಧವನ್ನೇ ಬರೆದನು. ಅವು ಸಮಾನ ಅಂತರಗಳಲ್ಲ.

ತಿಳಿದುದರಿಂದ ತಿಳಿಯದುದಕ್ಕೆ ಸಾಗಬೇಕೆಂದು ಶಿಕ್ಷಕ ತರಬೇತಿಯಲ್ಲಿ ನಮಗೆ ಕಲಿಸಿದ್ದರು. ಹಾರ್ಮೋನಿಯಮ್ಮಿನ ಅಲೆಯಿಂದಲೇ ಹೊರಟೆವು. 440 ಮತ್ತು 442 ಕಂಪನಗಳ ಸ್ವರಗಳು ಕೂಡಿದರೆ ಸೆಕೆಂಡಿಗೆ 2 ಅಲೆ. ಗರಗಸ ತರಂಗದಲ್ಲಾದರೋ ಮೂಲಸ್ವರದ ಇಮ್ಮಡಿ, ಮುಮ್ಮಡಿ, ನಾಲ್ಮಡಿಗಳೆಲ್ಲವೂ ಅಡಗಿವೆ. ಇಮ್ಮಡಿಗಳು 880 ಮತ್ತು 884. ಅಲ್ಲಿ 4 ಅಲೆ. ಐದನೆಯ ಮಡಿಯಲ್ಲಿ 10. ತಳದಲ್ಲಿ ನಿಧಾನ, ಮೇಲೇರಿದಂತೆ ಚುರುಕು. ಇಂತಹ ಏಳು ತರಂಗಗಳು ಒಂದರೊಡನೊಂದು ತೊಡಕಿಕೊಂಡಾಗ ಯಾವ ಅಲೆಯನ್ನೂ ಬಿಡಿಯಾಗಿ ಎಣಿಸಲಾಗದು. ಕಿವಿಗೆ ಕೇಳುವುದು ಮಿನುಗು ಮಾತ್ರ. ಮೂವತ್ತು ವರ್ಷ ವಿಜ್ಞಾನ ಬೋಧಿಸಿದ ನಾವು ಇದನ್ನು ಇಷ್ಟು ಸ್ಪಷ್ಟವಾಗಿ ಎಂದೂ ಕೇಳಿರಲಿಲ್ಲ.

ಹುಡುಗನ ಬಳಿ ಇದ್ದುದು ರೋಲ್ಯಾಂಡ್ ಅಲ್ಲ. ಕಾರ್ಗ್ ಕಂಪೆನಿ 2016ರಲ್ಲಿ ತಂದ ಮಿನಿಲಾಗ್, ಅದೂ ಇನ್ನೊಬ್ಬರು ಬಳಸಿ ಮಾರಿದ್ದು. ಅದರಲ್ಲಿ ಕಂಠಗಳು ನಾಲ್ಕು, ಕಂಠಕ್ಕೆ ಎರಡು ಆಂದೋಲಕಗಳು. ಎರಡಕ್ಕೂ ಗರಗಸ ತರಂಗವನ್ನಿಟ್ಟು, ಒಂದರ ಶ್ರುತಿಯನ್ನು ತುಸು ಸರಿಸಿದ. ಅನಂತರ ನಾಲ್ಕು ಕಂಠಗಳನ್ನೂ 'ಯೂನಿಸನ್' ಎಂಬ ಕ್ರಮದಲ್ಲಿ ಒಂದೇ ಕೀಲಿಗೆ ಕಟ್ಟಿದ. ಎಂಟು ತರಂಗಗಳು ಒಟ್ಟಿಗೆ ಎದ್ದವು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಒಮ್ಮೆಗೆ ಒಂದೇ ಸ್ವರ, ಸ್ವರಮೇಳ ಸಾಧ್ಯವಿಲ್ಲ. ತಿರುಪನ್ನು ಅರೆಬೆರಳು ಹೆಚ್ಚು ತಿರುಗಿಸಿದರೆ ನಾದ ಹುಳಿಯಾಗುತ್ತದೆ, ಕಡಿಮೆಯಾದರೆ ಸಪ್ಪೆ.

ಪ್ರತಿಧ್ವನಿಯನ್ನು ಬಡಿತದ ಮುಕ್ಕಾಲು ಭಾಗಕ್ಕೆ ಇಡಬೇಕಂತೆ. ನಿಮಿಷಕ್ಕೆ 138 ಬಡಿತವಾದರೆ ಬಡಿತಕ್ಕೆ 435 ಮಿಲಿಸೆಕೆಂಡು, ಮುಕ್ಕಾಲಿಗೆ 326. ಪೆನ್ಸಿಲಿನಿಂದ ಲೆಕ್ಕ ಹಾಕಿ ಹೇಳಿದೆವು. "ಮಾವ, ನಾನು ಕಿವಿಯಿಂದಲೇ ಮಾಡಿದ್ದು" ಎಂದು ನಕ್ಕ. ಊರಿಗೆ ಬಂದ ಮೇಲೆ ಅವನು ನಕ್ಕುದು ಅದೇ ಮೊದಲೆಂದು ತಂಗಿ ಆಮೇಲೆ ಹೇಳಿದಳು.

ಮೇಜಿನ ಮೇಲೊಂದು ನೋಟ್‌ಬುಕ್ಕಿತ್ತು. ಪ್ರತಿಯೊಂದು ತಿರುಪಿನ ಸ್ಥಾನ, ದಿನಾಂಕ, ಫಲಿತಾಂಶ. 'ಅಗಲ ಸಾಲದು' ಎಂದು ಹಲವು ಕಡೆ ಷರಾ. ರೋಲ್ಯಾಂಡಿನ ನಾದ ಎಡಬಲ ಕಿವಿಗಳಿಗೆ ಹಂಚಿ ಬರುತ್ತದೆ, ಇದಕ್ಕೆ ಹೊರಬಾಗಿಲು ಒಂದೇ. ನಮ್ಮ ಅಧ್ಯಾಪಕರ ಪಾಠ ಟಿಪ್ಪಣಿಗಳು ಇಷ್ಟು ಅಚ್ಚುಕಟ್ಟಾಗಿದ್ದರೆ ನಾವು ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದೆವು. ಸೋಮಾರಿಯ ಬರಹ ಹಾಗಿರುವುದಿಲ್ಲ.

ಆ ಸಂಗೀತ ನಮಗೆ ರುಚಿಸಿತೆಂದು ಹೇಳಲಾರೆವು. ಹತ್ತು ನಿಮಿಷಕ್ಕೆ ತಲೆ ಭಾರವಾಯಿತು. ಆದರೂ ಮಾರುವ ಮಾತು ಸದ್ಯಕ್ಕೆ ಬೇಡವೆಂದೆವು. "ಅದರಿಂದ ಹೊಟ್ಟೆ ತುಂಬೀತೆ?" ಎಂದು ತಂಗಿ ಕೇಳಿದಳು. ಅವಳ ಪ್ರಶ್ನೆ ನ್ಯಾಯವಾದುದೇ, ನಮ್ಮಲ್ಲಿ ಉತ್ತರವಿರಲಿಲ್ಲ. ಶನಿವಾರ ಏಳನೆಯ ತರಗತಿಗೆ ಅಲೆಗಳ ಪಾಠ ಮಾಡಲು ಬರುವೆಯಾ ಎಂದು ಅವನನ್ನು ಕೇಳಿದೆವು. ಶಾಲೆಯಲ್ಲಿ ವಿದ್ಯುತ್ತು ಎಷ್ಟು ಹೊತ್ತಿಗೆ ಹೋಗುತ್ತದೆ ಎಂದು ಮಾತ್ರ ವಿಚಾರಿಸಿ, ಕಂಬಳಿಯಲ್ಲಿ ಸುತ್ತಿ ತರುತ್ತೇನೆಂದ.